ಕಾರಿನ ವಿಮೆ ಕಡಿಮೆಯಾಗಬೇಕಾದರೆ ಸುಳ್ಳು ಕ್ಲೇಮಿಗೆ ಸಹಿ ಹಾಕಬೇಡಿ

ಪ್ರಶ್ನೆ: ನಾನು ದಾವಣಗೆರೆಯ ವಿದ್ಯಾನಗರದವನು. ನನ್ನದು 1,197 ಸಿಸಿ ಪೆಟ್ರೋಲ್ ಕಾರು, ಕೆಎ-17 ನೋಂದಣಿ, ಐದನೇ ವರ್ಷ ನಡೆಯುತ್ತಿದೆ. ಇದುವರೆಗೆ ಒಂದೂ ಕ್ಲೇಮ್ ಮಾಡಿಲ್ಲ. ಎನ್‌ಸಿಬಿ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಶೇ. 45 ಇದ್ದರೂ ವಿಮೆಗೆ ಹತ್ತು ಸಾವಿರದ ಮೇಲೆ ಕಟ್ಟುತ್ತಿದ್ದೇನೆ. ಬೇರೆಯವರ ಮೋಸದ ಕ್ಲೇಮುಗಳಿಗೆ ನಾವು ದುಡ್ಡು ಕಟ್ಟುತ್ತಿದ್ದೇವೆ ಅನ್ನುತ್ತಾರೆ, ನಿಜವೇ? ಈಚೆಗೆ ಹದಡಿ ರಸ್ತೆಯಲ್ಲಿ ಆಟೋ ತಾಗಿ ಹಿಂದಿನ ಬಂಪರ್ ಗೀಚಿತು. ಗ್ಯಾರೇಜಿನವರು ‘ಬಾಗಿಲಿನ ಹಳೇ ಡೆಂಟು, ಮುಂದಿನ ಲೈಟು ಎಲ್ಲಾ ಸೇರಿಸಿ ಒಂದೇ ಕ್ಲೇಮಲ್ಲಿ ಮಾಡಿಸ್ಕೊಡ್ತೀನಿ ಸರ್’ ಅನ್ನುತ್ತಿದ್ದಾರೆ. ಇನ್ನೊಂದು ವಿಷಯ. ಪರಿಚಯದವರ ಅಳಿಯ ಆನಗೋಡು ಹತ್ತಿರ ಬೈಕಿನಿಂದ ತಾನೇ ಬಿದ್ದು ಕಾಲು ಮುರಿದುಕೊಂಡಿದ್ದಾನೆ. ನನ್ನ ಕಾರು ಗುದ್ದಿತು ಅಂತ ಬರೆಸೋಣ, ಕೊಡೋದು ಕಂಪನಿ, ನಿಮಗೇನೂ ನಷ್ಟವಿಲ್ಲ ಎಂದು ಅವರು ಕೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಕೊನೆಯ ಮಾತಿಗೇ ಮೊದಲು ಉತ್ತರಿಸುತ್ತೇನೆ. ಅದರಲ್ಲಿ ತಡ ಮಾಡುವಂತಿಲ್ಲ. ಕಾರಿನ ನಂಬರ್ ಕೊಡಬೇಡಿ. ಆರ್‌ಸಿ, ಪಾಲಿಸಿ, ಡಿಎಲ್ ಯಾವುದರ ಜೆರಾಕ್ಸನ್ನೂ ಕೊಡಬೇಡಿ. ಈಗಾಗಲೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರೆ, ಇದಕ್ಕೆ ನನ್ನ ಒಪ್ಪಿಗೆಯಿಲ್ಲ, ನನ್ನ ಕಾರು ಅಲ್ಲಿರಲಿಲ್ಲ ಎಂದು ಅಲ್ಲೇ ಬರಹದಲ್ಲಿ ತಿಳಿಸಿ, ಆ ಸಂದೇಶವನ್ನು ಉಳಿಸಿಕೊಳ್ಳಿ.

ನಿಮ್ಮನ್ನೇ ಯಾಕೆ ಕೇಳುತ್ತಿದ್ದಾರೆ ಅನ್ನುವುದು ಗೊತ್ತಾದರೆ ಇದರ ಒಳಗುಟ್ಟು ತಿಳಿಯುತ್ತದೆ. ಥರ್ಡ್ ಪಾರ್ಟಿ ವಿಮೆ ಇರುವುದು ನಮ್ಮ ವಾಹನದಿಂದ ಪೆಟ್ಟಾದ ಬೇರೆಯವರಿಗಾಗಿ. ಸ್ವಂತ ಬೈಕಿನಿಂದ ತಾನೇ ಜಾರಿ ಬಿದ್ದವನಿಗೆ ಅದರಲ್ಲಿ ಪರಿಹಾರ ಸಿಗುವುದಿಲ್ಲ. ಪರಿಹಾರ ಬೇಕಾದರೆ ಒಂದು ‘ಗುದ್ದಿದ ವಾಹನ’ ಬೇಕು, ಅದಕ್ಕೆ ಚಾಲ್ತಿಯಲ್ಲಿರುವ ಪಾಲಿಸಿ ಬೇಕು, ಓಡಿಸಿದವನಿಗೆ ಲೈಸೆನ್ಸ್ ಬೇಕು. ನಿಮ್ಮ ಹತ್ತಿರ ಮೂರೂ ಇವೆ. ನಿಜವಾಗಿ ಗುದ್ದಿದ ಗಾಡಿಗೆ ವಿಮೆ ಇಲ್ಲದಿದ್ದಾಗ ವಿಮೆ ಇರುವ ಗಾಡಿಯ ನಂಬರ್ ಬರೆಸುವುದು, ಲೈಸೆನ್ಸ್ ಇಲ್ಲದ ಮಗ ಓಡಿಸಿದ್ದರೆ ಅಪ್ಪನ ಹೆಸರು ಹೇಳುವುದು, ಬೈಕ್ ಓಡಿಸುತ್ತಿದ್ದವನನ್ನೇ ಹಿಂಬದಿ ಸವಾರ ಅನ್ನುವುದು, ಇವೆಲ್ಲ ಇದೇ ಜಾತಿಯ ಸುಳ್ಳುಗಳು.

‘ನಿಮಗೇನೂ ನಷ್ಟವಿಲ್ಲ’ ಅನ್ನುವುದು ಶುದ್ಧ ಸುಳ್ಳು. ದೂರು ದಾಖಲಾದ ಕೂಡಲೇ ಆ ಕಾರು ಓಡಿಸಿದವನು ಆರೋಪಿಯಾಗುತ್ತಾನೆ. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ, ಗಾಯಪಡಿಸಿದ್ದಕ್ಕೆ 125ನೇ ಕಲಂ. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡಿ, ಮುಗಿದುಹೋಗುತ್ತದೆ ಎಂದು ಹೇಳಿಕೊಡುತ್ತಾರೆ. ಮುಗಿಯುವುದಿಲ್ಲ. ಮಾಡದ ಅಪರಾಧವೊಂದು ನಿಮ್ಮ ಹೆಸರಿನಲ್ಲಿ ದಾಖಲೆಯಾಗಿ ಉಳಿಯುತ್ತದೆ. ಪೊಲೀಸರು ಕಾರನ್ನು ಮೋಟಾರು ವಾಹನ ನಿರೀಕ್ಷಕರಿಗೆ ತೋರಿಸಬೇಕಾಗುತ್ತದೆ. ಬೈಕಿಗೆ ಗುದ್ದಿದ ಕಾರಿನಲ್ಲಿ ಗುರುತೇ ಇಲ್ಲದಿದ್ದರೆ ಹೇಗೆ? ಆಗ ಗುರುತನ್ನೂ ಸೃಷ್ಟಿಸಬೇಕಾಗುತ್ತದೆ. ಒಂದು ಸುಳ್ಳನ್ನು ನಿಲ್ಲಿಸಲು ಹೀಗೆ ಒಂದರ ಮೇಲೊಂದು ಸುಳ್ಳು ಬೇಕಾಗುತ್ತ ಹೋಗುತ್ತದೆ.

ಇಂಥ ಕೇಸು ಬಿದ್ದುಹೋಗುವುದು ಸಾಮಾನ್ಯವಾಗಿ ಆಸ್ಪತ್ರೆಯ ರಿಜಿಸ್ಟರಿನಿಂದ. ಗಾಯಾಳುವನ್ನು ಕರೆತಂದಾಗ ‘ಏನಾಯ್ತು?’ ಎಂದು ಡ್ಯೂಟಿ ಡಾಕ್ಟರು ಕೇಳಿ ಬರೆದುಕೊಳ್ಳುವ ಒಂದು ಸಾಲಿಗೆ ಇರುವ ಬೆಲೆ ಎಷ್ಟೆಂದು ಜನರಿಗೆ ತಿಳಿದಿಲ್ಲ. ಆ ಹೊತ್ತಿನಲ್ಲಿ ಯಾರೂ ಪರಿಹಾರದ ಲೆಕ್ಕ ಹಾಕಿರುವುದಿಲ್ಲ. ‘ಬೈಕ್ ಸ್ಕಿಡ್ ಆಗಿ ಬಿದ್ದ’ ಎಂದು ನಿಜವನ್ನೇ ಹೇಳಿರುತ್ತಾರೆ. ವಾರ ಕಳೆದ ಮೇಲೆ ಠಾಣೆಗೆ ಹೋಗಿ ‘ಕಾರು ಬಂದು ಗುದ್ದಿತು’ ಎಂದರೆ ಎರಡು ಕಾಗದಗಳು ಒಂದಕ್ಕೊಂದು ಎದುರು ನಿಲ್ಲುತ್ತವೆ. ಕಂಪನಿಯ ತನಿಖೆದಾರ ಮೊದಲು ತರಿಸುವುದು ಆ ರಿಜಿಸ್ಟರಿನ ಪ್ರತಿಯನ್ನೇ. ಆಮೇಲೆ ನಿಮ್ಮ ಫಾಸ್ಟ್ಯಾಗ್ ವಿವರ ಕೇಳಬಹುದು. ಆನಗೋಡಿನಲ್ಲಿ ಗುದ್ದಿದ ಎನ್ನಲಾದ ಕಾರು ಅದೇ ಹೊತ್ತಿಗೆ ಹೆಬ್ಬಾಳು ಟೋಲ್ ದಾಟಿ ಚಿತ್ರದುರ್ಗದ ಕಡೆ ಹೋಗಿದ್ದರೆ ಕಥೆ ಅಲ್ಲಿಗೇ ಮುರಿಯುತ್ತದೆ. ಮೊಬೈಲ್ ಇದ್ದ ಜಾಗವೂ ಈಗ ಪೊಲೀಸರಿಗೆ ಸಿಗುತ್ತದೆ. ವಂಚನೆ ಎಂದು ಸಾಬೀತಾದರೆ 318ನೇ ಕಲಮಿನ 4ನೇ ಉಪಕಲಂ ಪ್ರಕಾರ ಏಳು ವರ್ಷದವರೆಗೆ ಶಿಕ್ಷೆಯಾಗಬಹುದು. ಒಳಸಂಚಿನ ಕಲಂ ಸೇರಿದರೆ ಪರಿಚಯದವರು, ಅವರ ಅಳಿಯ, ನೀವು ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಇದನ್ನು ಹೆದರಿಸಲೆಂದು ಹೇಳುತ್ತಿಲ್ಲ. ಉತ್ತರ ಪ್ರದೇಶದಲ್ಲಿ ಇಂಥ ಸುಳ್ಳು ಪರಿಹಾರ ಅರ್ಜಿಗಳು ಎಷ್ಟು ಬೆಳೆದಿದ್ದವೆಂದರೆ 2015ರ ಅಕ್ಟೋಬರಿನಲ್ಲಿ ಅಲಹಾಬಾದ್ ಹೈಕೋರ್ಟ್ ವಿಶೇಷ ತನಿಖಾ ತಂಡ ರಚಿಸಲು ಆದೇಶ ಕೊಟ್ಟಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 2021ರಲ್ಲಿ ಉತ್ತರ ಪ್ರದೇಶದ ವಕೀಲರ ಪರಿಷತ್ತು 28 ವಕೀಲರನ್ನು ಅಮಾನತು ಮಾಡಿತು. ಆಸ್ಪತ್ರೆ, ಠಾಣೆ, ಕೋರ್ಟು ಮೂರೂ ಕಡೆ ಕೈಜೋಡಿಸುವವರು ಸಿಗದೆ ಇಂಥ ಕೇಸು ನಡೆಯುವುದಿಲ್ಲ. ಸಿಕ್ಕಿಬಿದ್ದಾಗ ಎಲ್ಲರಿಗಿಂತ ಮೊದಲು ಕಣ್ಣಿಗೆ ಬೀಳುವುದು ಆರ್‌ಸಿಯಲ್ಲಿ ಹೆಸರಿರುವ ಮಾಲೀಕ.

ನನಗೆ ನಿಜವಾಗಿ ಸಂಕಟವಾಗುವುದು ಇನ್ನೊಂದು ಕಾರಣಕ್ಕೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹರಿಹರದಿಂದ ಹಿರಿಯೂರಿನವರೆಗೆ ನಿಜವಾಗಿ ಗುದ್ದಿಸಿಕೊಂಡು ಕೈಕಾಲು ಕಳೆದುಕೊಳ್ಳುವವರಿದ್ದಾರೆ. ಮನೆಯವರು ಬಾಪೂಜಿ ಆಸ್ಪತ್ರೆಯಲ್ಲೋ ಚಿಗಟೇರಿ ಆಸ್ಪತ್ರೆಯಲ್ಲೋ ಐಸಿಯು ಬಾಗಿಲಲ್ಲಿ ಕೂತಿರುತ್ತಾರೆ, ಠಾಣೆಗೆ ಹೋಗಲು ನಾಲ್ಕು ದಿನ ತಡವಾಗಿರುತ್ತದೆ. ದೂರು ತಡವಾಯಿತು ಎಂಬ ಒಂದೇ ಕಾರಣಕ್ಕೆ ನಿಜವಾದ ಅರ್ಜಿಯನ್ನು ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೂ ಸುಳ್ಳು ಕೇಸುಗಳು ಹೆಚ್ಚಿದಷ್ಟೂ ಕಂಪನಿಯ ವಕೀಲರು ತಡವಾದ ಪ್ರತಿಯೊಂದು ದೂರನ್ನೂ ಅನುಮಾನದಿಂದಲೇ ನೋಡುತ್ತಾರೆ. ದುಡಿಯುವ ಮಗನನ್ನು ಕಳೆದುಕೊಂಡ ತಾಯಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾಗುತ್ತದೆ. ಅಳಿಯನ ಕಾಲಿಗೆ ಸುಳ್ಳು ಹೇಳಿ ದುಡ್ಡು ತಂದರೆ ಅದರ ಬೆಲೆಯನ್ನು ಆ ತಾಯಿಯೂ ಕಟ್ಟುತ್ತಾಳೆ.

ಹಾಗೆಂದು ಕಾಲು ಮುರಿದುಕೊಂಡವನನ್ನು ಬರಿಗೈಯಲ್ಲಿ ಕಳಿಸಬೇಡಿ. ಅವನಿಗೆ ನ್ಯಾಯವಾದ ದಾರಿಗಳಿವೆ. ಕೇಂದ್ರ ಸರ್ಕಾರ 2025ರ ಮೇ 5ರಂದು ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸಾ ಯೋಜನೆ ತಂದಿದೆ. ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ, ₹1.5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಅವಕಾಶವಿದೆ. ಕೆಲಸ ಮಾಡುವ ಕಡೆ ಇಎಸ್‌ಐ ಕಡಿತವಾಗುತ್ತಿದ್ದರೆ ಅದನ್ನೂ ವಿಚಾರಿಸಲಿ. ಬೈಕಿನ ಪಾಲಿಸಿಯಲ್ಲಿ ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ ಎಂದು ₹15 ಲಕ್ಷದ ಸಾಲೊಂದಿರುತ್ತದೆ. ಅದು ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಕೂಡಿಕೊಳ್ಳುವ ಮೂಳೆಗೆ ಅದರಲ್ಲಿ ಹಣ ಬರುವುದಿಲ್ಲ, ಆದರೆ ಗಾಯ ಹೆಚ್ಚಿನದಾಗಿದ್ದರೆ ಮನೆಯವರು ಆ ಸಾಲನ್ನು ಖಂಡಿತ ಓದಬೇಕು.

ಇನ್ನು ಪ್ರೀಮಿಯಂ ವಿಷಯ. ಬೇರೆಯವರ ಮೋಸಕ್ಕೆ ನೀವು ದುಡ್ಡು ಕಟ್ಟುತ್ತಿರುವುದು ನಿಜ. ಆದರೆ ಎಲ್ಲ ಏರಿಕೆಯನ್ನೂ ಮೋಸದ ತಲೆಗೆ ಕಟ್ಟುವುದು ಸರಿಯಲ್ಲ. ನಿಮ್ಮ ರಸೀದಿಯಲ್ಲಿ ಮೂರು ಭಾಗಗಳಿವೆ, ಮೂರರ ನಡತೆ ಬೇರೆ ಬೇರೆ.

ಮೊದಲನೆಯದು ಥರ್ಡ್ ಪಾರ್ಟಿ. ಇದರ ದರವನ್ನು ಕಂಪನಿ ನಿರ್ಧರಿಸುವುದಿಲ್ಲ, ಕೇಂದ್ರ ಸರ್ಕಾರ ಪ್ರಕಟಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಖಾಸಗಿ ಕಾರಿಗೆ 1,000 ಸಿಸಿವರೆಗೆ ₹2,094, 1,000ದಿಂದ 1,500 ಸಿಸಿವರೆಗೆ ₹3,416, ಅದಕ್ಕಿಂತ ಮೇಲೆ ₹7,897. ಸಾವು ನೋವಿನ ಪರಿಹಾರಕ್ಕೆ ಇಲ್ಲಿ ಮೇಲ್ಮಿತಿಯೇ ಇಲ್ಲ, ನ್ಯಾಯಮಂಡಳಿ ಎಷ್ಟು ಹೇಳಿದರೆ ಅಷ್ಟು ಕೊಡಬೇಕು. ಆದ್ದರಿಂದ ದೇಶದಾದ್ಯಂತ ಕೊಟ್ಟ ಪರಿಹಾರದ ಲೆಕ್ಕವೇ ಮುಂದಿನ ದರಕ್ಕೆ ಆಧಾರ. ಸುಳ್ಳು ಎಂವಿಸಿ (ವಾಹನ ಅಪಘಾತ ಪರಿಹಾರದ) ಕೇಸುಗಳ ಹಣ ಈ ಲೆಕ್ಕದಲ್ಲಿ ಸೇರಿ, ಒಂದೂ ಅಪಘಾತ ಮಾಡದ ನಿಮ್ಮ ರಸೀದಿಗೂ ಬರುತ್ತದೆ.

ಎರಡನೆಯದು ಓನ್ ಡ್ಯಾಮೇಜ್, ಅಂದರೆ ನಿಮ್ಮ ಕಾರಿಗೇ ಆಗುವ ಹಾನಿಯ ಭಾಗ. 2007ರ ಜನವರಿ 1ರಿಂದ ಇದರ ದರ ಕಂಪನಿಗಳ ಕೈಗೆ ಬಂದಿದೆ. ಯಾವ ಮಾದರಿಯ ಕಾರು, ಯಾವ ಊರು, ಎಷ್ಟು ಕ್ಲೇಮು, ಒಂದು ಕ್ಲೇಮಿಗೆ ಎಷ್ಟು ಖರ್ಚು ಎಂಬುದನ್ನೆಲ್ಲ ನೋಡಿ ಅವರವರೇ ಬೆಲೆ ಕಟ್ಟುತ್ತಾರೆ. ಗ್ಯಾರೇಜಿನ ಉಬ್ಬಿಸಿದ ಬಿಲ್ಲು ಒಳಗೆ ಬರುವುದು ಈ ಬಾಗಿಲಿನಿಂದ. ಊರ ಜಾತ್ರೆಗೆ ಎತ್ತಿದ ವಂತಿಗೆಯಲ್ಲಿ ನಾಲ್ಕು ಮಂದಿ ಕೈಹಾಕಿದರೆ ಮುಂದಿನ ಸಲ ಪ್ರತಿ ಮನೆಗೂ ಹೆಚ್ಚು ಹಾಕಬೇಕಾಗುತ್ತದಲ್ಲ, ವಿಮೆಯ ಹಣವೂ ಹಾಗೆಯೇ. ಮೂರನೆಯದು ಇವೆರಡರ ಮೇಲೆ ಬೀಳುವ ಶೇ. 18 ಜಿಎಸ್‌ಟಿ. ಅದಕ್ಕೂ ಮೋಸಕ್ಕೂ ಸಂಬಂಧವಿಲ್ಲ. ಬಿಡಿಭಾಗಗಳ ಬೆಲೆಯೂ ಏರುತ್ತಿದೆ. ಒಂದು ಬಂಪರಿನೊಳಗೆ ಸೆನ್ಸರ್, ಕ್ಯಾಮೆರಾ ಕೂತಿರುವ ಕಾಲದಲ್ಲಿ ಸಣ್ಣ ಗುದ್ದೂ ದುಬಾರಿ.

ಈಗ ಗ್ಯಾರೇಜಿಗೆ ಬರೋಣ. ಅವರ ಮಾತಿನಲ್ಲಿ ಅಡಗಿರುವ ಲೆಕ್ಕವನ್ನು ಬಿಡಿಸಿ ನೋಡಿ. ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ ಎನ್‌ಸಿಬಿ ಕಳೆಯುವ ಮೊದಲು ₹10,000 ಎಂದುಕೊಳ್ಳೋಣ. ಶೇ. 45 ಕಳೆದು ₹5,500, ಥರ್ಡ್ ಪಾರ್ಟಿ ₹3,416, ಜಿಎಸ್‌ಟಿ ಸೇರಿ ಸುಮಾರು ₹10,520. ನೀವು ಕಟ್ಟುತ್ತಿರುವುದಕ್ಕೆ ಇದು ಹತ್ತಿರವೇ ಇದೆ. ಈ ವರ್ಷ ಕ್ಲೇಮ್ ಮಾಡದಿದ್ದರೆ ಮುಂದಿನ ಸಲ ನಿಮ್ಮ ಎನ್‌ಸಿಬಿ ಶೇ. 50ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ. ಕ್ಲೇಮ್ ಮಾಡಿದರೆ ಸೊನ್ನೆಗೆ ಬೀಳುತ್ತದೆ. ಆಮೇಲೆ 20, 25, 35, 45 ಎಂದು ಮತ್ತೆ ಮೆಟ್ಟಿಲು ಹತ್ತಬೇಕು. ಮೂಲ ಪ್ರೀಮಿಯಂ ಹಾಗೇ ಇದ್ದರೆ ಮುಂದಿನ ಐದು ನವೀಕರಣಗಳಲ್ಲಿ ನೀವು ಹೆಚ್ಚು ಕಟ್ಟುವುದು ₹12,500, ತೆರಿಗೆ ಸೇರಿ ₹14,750. ಕಾರಿನ ಬೆಲೆ ಇಳಿದಂತೆ ಈ ಮೊತ್ತ ಸ್ವಲ್ಪ ತಗ್ಗುತ್ತದೆ, ಆದರೂ ಬಂಪರಿನ ಗೀಚು ಇಷ್ಟು ಬಾಳುವುದಿಲ್ಲ. ಜೊತೆಗೆ 1,500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ₹1,000 ಕಡ್ಡಾಯವಾಗಿ ನಿಮ್ಮ ಕೈಯಿಂದಲೇ ಹೋಗಬೇಕು. ಜೀರೋ ಡೆಪ್ (ಬಿಡಿಭಾಗಗಳ ಸವೆತಕ್ಕೆಂದು ಹಣ ಕಡಿಯದ ಹೆಚ್ಚುವರಿ ರಕ್ಷಣೆ) ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಕಂಪನಿ ಅರ್ಧ ಬೆಲೆಯನ್ನಷ್ಟೇ ಕೊಡುತ್ತದೆ. ‘ನಿಮ್ಮ ಕೈಯಿಂದ ಏನೂ ಹೋಗಲ್ಲ’ ಎಂದು ಯಾರಾದರೂ ಹೇಳಿದರೆ, ಆ ಕಡಿತವನ್ನು ಬಿಲ್ಲಿನಲ್ಲಿ ಬೇರೆ ಎಲ್ಲೋ ಸೇರಿಸಿದ್ದಾರೆ ಎಂದೇ ಅರ್ಥ.

ಗ್ಯಾರೇಜಿನವರಿಗೆ ಇದರಲ್ಲಿ ಲಾಭವಿದೆ. ನಾಲ್ಕು ಸಾವಿರದ ಕೆಲಸ ಮೂವತ್ತೈದು ಸಾವಿರದ ಕೆಲಸವಾಗುತ್ತದೆ. ಆದರೆ ಕ್ಲೇಮ್ ಫಾರಂನ ಕೆಳಗೆ ಬೀಳುವುದು ನಿಮ್ಮ ಸಹಿ, ಗ್ಯಾರೇಜಿನವರದ್ದಲ್ಲ. ಮೇಲೆ ಹೇಳಿದ್ದೆಲ್ಲ ಸತ್ಯ, ಸುಳ್ಳಿದ್ದರೆ ನನ್ನ ಹಕ್ಕು ಹೋಗಲಿ ಎಂದು ಒಪ್ಪಿಕೊಂಡಿರುವವರು ನೀವು. ಬಂಪರಿನ ನ್ಯಾಯವಾದ ಕ್ಲೇಮೂ ಆ ಹಳೇ ಡೆಂಟಿನ ಜೊತೆಗೆ ಮುಳುಗಬಹುದು. ಖಾಲಿ ಫಾರಂಗೆ ಸಹಿ ಹಾಕಿ ಕಾರು ಬಿಟ್ಟುಬರುವ ಅಭ್ಯಾಸ ನಮ್ಮ ಕಡೆ ಬಹಳ ಇದೆ. ಅದನ್ನು ಇವತ್ತೇ ಬಿಡಿ.

ಹಾನಿ ಅಳೆಯಲು ಕಂಪನಿ ಕಳಿಸುವ ಸರ್ವೇಯರಿಗೆ ಗೊತ್ತಾಗುವುದಿಲ್ಲ ಅನ್ನುವ ನಂಬಿಕೆ ತಪ್ಪು. ಹೊಸ ಪೆಟ್ಟಿನಲ್ಲಿ ಬಣ್ಣದ ಅಂಚು ಚೂಪಾಗಿರುತ್ತದೆ, ಒಳಗಿನ ಲೋಹ ಹೊಳೆಯುತ್ತದೆ. ಹಳೇ ಡೆಂಟಿನ ಗೆರೆಯಲ್ಲಿ ನಮ್ಮ ಬಯಲುಸೀಮೆಯ ಕೆಂಧೂಳು ಕೂತು ಗಟ್ಟಿಯಾಗಿರುತ್ತದೆ, ಮಡಿಕೆಯಲ್ಲಿ ತುಕ್ಕು ಶುರುವಾಗಿರುತ್ತದೆ, ಒಮ್ಮೆ ತೊಳೆದ ಮಾತ್ರಕ್ಕೆ ಹೋಗುವುದಿಲ್ಲ. ಆಟೋದ ಮೂತಿ ಎಷ್ಟು ಎತ್ತರದಲ್ಲಿರುತ್ತದೆ, ಗೀಚು ಯಾವ ದಿಕ್ಕಿಗೆ ಎಳೆದಿದೆ ಎಂದು ಅಳೆದರೆ ಹಿಂದಿನಿಂದ ತಾಗಿದ ಆಟೋ ಮುಂದಿನ ಲೈಟನ್ನು ಒಡೆಯಲು ಸಾಧ್ಯವೇ ಇಲ್ಲ ಎಂದು ತಿಳಿಯುತ್ತದೆ. ಓಡಿಸಿದವರು ಯಾರು ಅನ್ನುವುದನ್ನೂ ದೇಹ ಹೇಳಿಬಿಡುತ್ತದೆ. ನಮ್ಮ ಕಾರುಗಳಲ್ಲಿ ಚಾಲಕನ ಸೀಟ್‌ಬೆಲ್ಟ್ ಬಲ ಭುಜದ ಮೇಲಿಂದ ಬರುತ್ತದೆ, ಪಕ್ಕದವನದ್ದು ಎಡ ಭುಜದ ಮೇಲಿಂದ. ಜೋರಾಗಿ ಗುದ್ದಿದಾಗ ಬೆಲ್ಟಿನ ಬರೆ ಯಾವ ಭುಜದಲ್ಲಿ ಎದ್ದಿದೆ ಎಂದು ನೋಡಿದರೆ ಸಾಕು, ಮಗನ ಬದಲು ಅಪ್ಪನ ಹೆಸರು ಹೇಳಿದ್ದು ಬಯಲಾಗುತ್ತದೆ. ₹50,000ಕ್ಕೂ ಮೇಲಿನ ವಾಹನ ನಷ್ಟಕ್ಕೆ ಪರವಾನಗಿ ಪಡೆದ ಸರ್ವೇಯರೇ ಬರಬೇಕೆಂಬ ನಿಯಮ ಇರುವುದು ಈ ಕಣ್ಣಿಗಾಗಿಯೇ.

ಮೋಸ ಎಂದು ಗೊತ್ತಿಲ್ಲದೆಯೇ ಜನ ಮಾಡುವ ಎರಡು ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಹಳೇ ಮಾಲೀಕನ ಎನ್‌ಸಿಬಿಯನ್ನೇ ಮುಂದುವರಿಸುತ್ತಾರೆ. ಎನ್‌ಸಿಬಿ ಸೇರಿರುವುದು ಮನುಷ್ಯನಿಗೆ, ಕಾರಿಗಲ್ಲ. ಹೊಸ ಕಂಪನಿ ಹಳೇ ಕಂಪನಿಯನ್ನು ಕೇಳಿ ಖಚಿತಪಡಿಸಿಕೊಂಡಾಗ ಸುಳ್ಳು ಹೊರಬಿದ್ದು, ಅಪಘಾತವಾದ ದಿನ ಕಾರಿನ ಹಾನಿಗೆ ಏನೂ ಸಿಗದೆ ಹೋಗಬಹುದು. ಕೊಂಡ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಲು ಅರ್ಜಿ ಕೊಡಬೇಕು. ಥರ್ಡ್ ಪಾರ್ಟಿ ಭಾಗ ತಾನಾಗಿ ವರ್ಗವಾಗುತ್ತದೆ, ಓನ್ ಡ್ಯಾಮೇಜ್ ಆಗುವುದಿಲ್ಲ. ಎರಡನೆಯದು ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಬಿಡುವುದು. ಮದುವೆ ಸೀಸನ್ನಿನಲ್ಲಿ, ಧರ್ಮಸ್ಥಳದ ಟ್ರಿಪ್ಪಿಗೆ ಪರಿಚಯದವರಿಗೆ ದುಡ್ಡು ತಗೊಂಡು ಕೊಡುವುದು ನಮ್ಮಲ್ಲಿ ಮಾಮೂಲು. ಖಾಸಗಿ ಕಾರಿನ ಪಾಲಿಸಿ ಬಾಡಿಗೆಯ ಓಡಾಟವನ್ನು ಒಪ್ಪುವುದಿಲ್ಲ. 2010ರಲ್ಲಿ ಇಂಥದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕ್ಲೇಮನ್ನು ಪೂರ್ತಿ ತಳ್ಳದೆ ಮುಕ್ಕಾಲು ಭಾಗ ಕೊಡಿಸಿತ್ತು, ಆದರೆ ಅಲ್ಲಿಯವರೆಗೆ ಅಲೆಯುವ ಶಕ್ತಿ ಎಷ್ಟು ಜನಕ್ಕಿದೆ?

ನಮ್ಮ ಮೇಲೆಯೇ ನಡೆಯುವ ಮೋಸವೂ ಇದೆ, ಅದು ನಕಲಿ ಪಾಲಿಸಿ. ಕಂಪನಿಯ ಹೆಸರು, ಲಾಂಛನ ಎಲ್ಲ ಸರಿಯಾಗಿರುವ ಕಾಗದ ಬರುತ್ತದೆ, ಕಂಪನಿಯ ಲೆಕ್ಕದಲ್ಲಿ ಅಂಥ ಪಾಲಿಸಿಯೇ ಇರುವುದಿಲ್ಲ. ಇಲ್ಲವೇ ಯಾವುದೋ ಸ್ಕೂಟರಿಗೆ ಕಡಿಮೆ ದುಡ್ಡು ಕಟ್ಟಿ, ಆ ಪಿಡಿಎಫ್ ತಿದ್ದಿ ನಿಮ್ಮ ಕಾರಿನ ನಂಬರ್ ಹಾಕಿರುತ್ತಾರೆ. ಇದನ್ನು ಹಿಡಿಯುವ ಸುಲಭದ ಉಪಾಯ ಥರ್ಡ್ ಪಾರ್ಟಿ ದರದಲ್ಲೇ ಇದೆ. ಸರ್ಕಾರ ನಿಗದಿ ಮಾಡಿದ ದರದಲ್ಲಿ ಯಾವ ಏಜೆಂಟನೂ ರಿಯಾಯಿತಿ ಕೊಡಲಾರ. ಆ ಪಟ್ಟಿಯ ಪ್ರಕಾರ ನಿಮ್ಮ ಕಾರಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿಗೇ ತೆರಿಗೆ ಸೇರಿ ₹4,031 ಆಗುತ್ತದೆ. ಎರಡೂವರೆ ಸಾವಿರಕ್ಕೆ ಮಾಡಿಸಿಕೊಡುತ್ತೇನೆ ಎಂದವನನ್ನು ಅಲ್ಲೇ ಬಿಟ್ಟು ಬನ್ನಿ. ದುಡ್ಡನ್ನು ಕಂಪನಿಯ ಹೆಸರಿಗೇ ಕಟ್ಟಿ, ವ್ಯಕ್ತಿಯ ಫೋನ್‌ಪೇ ನಂಬರಿಗಲ್ಲ. ಪಾಲಿಸಿಯ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಕೆಲವು ದಿನ ಬಿಟ್ಟು ಎಂಪರಿವಾಹನ್ ಆ್ಯಪ್‌ನಲ್ಲಿ ನಿಮ್ಮ ಗಾಡಿಯ ವಿಮೆಯ ಅವಧಿ ಬಂದಿದೆಯೇ ನೋಡಿ. ನಕಲಿ ಎಂದು ಗೊತ್ತಾದರೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಠಾಣೆಗೆ ದೂರು ಕೊಡಿ. ವಿಮೆ ಇಲ್ಲದೆ ಓಡಿಸಿದ್ದಕ್ಕೆ ಮೊದಲ ಸಲ ₹2,000, ಮತ್ತೆ ಸಿಕ್ಕರೆ ₹4,000 ದಂಡ. ಅದಕ್ಕಿಂತ ದೊಡ್ಡ ಭಯವೆಂದರೆ ನಿಮ್ಮ ಕಾರಿನಿಂದ ಯಾರಿಗಾದರೂ ಪ್ರಾಣಾಪಾಯವಾದರೆ ಪರಿಹಾರವನ್ನು ಮನೆ ಮಠ ಮಾರಿ ನೀವೇ ಕೊಡಬೇಕಾಗುತ್ತದೆ.

ಕಂಪನಿಗಳ ಬಗ್ಗೆಯೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಮೋಸ ತಡೆಯುವ ವ್ಯವಸ್ಥೆ ಇಟ್ಟುಕೊಳ್ಳಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2013ರಲ್ಲೇ ಕಂಪನಿಗಳಿಗೆ ಸೂಚಿಸಿದೆ. ಕ್ಲೇಮುಗಳ ಮಾಹಿತಿಯನ್ನು ಒಂದೆಡೆ ಸೇರಿಸುವ ವಿಮಾ ಮಾಹಿತಿ ಬ್ಯೂರೋ ಹೈದರಾಬಾದಿನಲ್ಲಿ 2009ರಿಂದ ಇದೆ. ಹಾಗಿದ್ದೂ ಅನುಮಾನವಿರುವ ಕೇಸನ್ನು ಕೊನೆತನಕ ನಡೆಸುವ ಬದಲು, ಲೋಕ ಅದಾಲತ್‌ನಲ್ಲಿ ಚೌಕಾಸಿ ಮಾಡಿ ಅಷ್ಟೋ ಇಷ್ಟೋ ಕೊಟ್ಟು ಕೈತೊಳೆದುಕೊಳ್ಳುವ ಚಾಳಿ ಇದೆ. ಲೋಕ ಅದಾಲತ್ ಬಡವರಿಗೆ ಬೇಗ ನ್ಯಾಯ ಕೊಡಿಸುವ ಒಳ್ಳೆಯ ಜಾಗ. ಅಲ್ಲಿ ಸುಳ್ಳಿಗೂ ಪಾಲು ಸಿಕ್ಕರೆ ಮುಂದಿನ ಸುಳ್ಳಿಗೆ ಧೈರ್ಯ ಬರುತ್ತದೆ. ಇನ್ನೊಂದು ಕಡೆ, ನಿಯತ್ತಿನ ಗ್ರಾಹಕನ ಕ್ಲೇಮನ್ನು ಸಣ್ಣ ನೆಪ ಹೇಳಿ ಕತ್ತರಿಸುತ್ತಾರೆ. ಹೇಗೂ ಕತ್ತರಿಸುತ್ತಾರೆ ಎಂದು ಜನ ಮೊದಲೇ ಉಬ್ಬಿಸಿ ಬರೆಸುತ್ತಾರೆ, ಉಬ್ಬಿಸಿರುತ್ತಾರೆ ಎಂದು ಇವರು ಮತ್ತಷ್ಟು ಕತ್ತರಿಸುತ್ತಾರೆ. ಈ ಚಕ್ರವನ್ನು ಮೊದಲು ನಿಲ್ಲಿಸಬೇಕಾದವರು ಕಂಪನಿಗಳೇ ಎಂಬುದು ನನ್ನ ಖಚಿತ ಅಭಿಪ್ರಾಯ. ಸರಿಯಾದ ಕ್ಲೇಮಿಗೆ ಬೇಗ, ಪೂರ್ತಿ ಹಣ ಕೊಟ್ಟರೆ ಉಬ್ಬಿಸುವ ಕಾರಣವೇ ಇರುವುದಿಲ್ಲ.

ನಿಮ್ಮ ನ್ಯಾಯವಾದ ಕ್ಲೇಮನ್ನು ಹೀಗೆ ತಡೆದರೆ ಸುಮ್ಮನಿರಬೇಡಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರಹದಲ್ಲಿ ಕೊಡಿ, ಆಮೇಲೆ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣ ಅಥವಾ 155255 ಸಂಖ್ಯೆ. ಅಲ್ಲೂ ಆಗದಿದ್ದರೆ ವಿಮೆಯ ದೂರುಗಳನ್ನು ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ, ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ದಾವಣಗೆರೆ, ಚಿತ್ರದುರ್ಗ ಎರಡು ಕಡೆಯೂ ಜಿಲ್ಲಾ ಗ್ರಾಹಕರ ಆಯೋಗವಿದೆ. ಇಲ್ಲೆಲ್ಲ ನಿಮ್ಮ ಕೈ ಹಿಡಿಯುವುದು ಸಾಕ್ಷ್ಯ. ಗುದ್ದಿದ ಕೂಡಲೇ, ಗಾಡಿ ಪಕ್ಕಕ್ಕೆ ತೆಗೆಯುವ ಮೊದಲು, ಎರಡೂ ವಾಹನದ ನಂಬರ್ ಪ್ಲೇಟು ಕಾಣುವಂತೆ, ರಸ್ತೆಯೂ ಸುತ್ತಲಿನ ಗುರುತೂ ಬರುವಂತೆ ಫೋಟೊ ತೆಗೆಯಿರಿ. ಯಾರಿಗಾದರೂ ಪೆಟ್ಟಾಗಿದ್ದರೆ ಫೋಟೊ ಆಮೇಲೆ, ಮೊದಲು 112ಕ್ಕೆ ಕರೆ. ಡ್ಯಾಶ್‌ಕ್ಯಾಮ್ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು. ಹೆದ್ದಾರಿಯಲ್ಲಿ ಓಡಾಡುವವರಿಗೆ ನಾನು ಹೇಳುವ ಮೊದಲ ಖರ್ಚು ಅದೇ. ನಾಳೆ ಯಾರೋ ಸುಮ್ಮನೆ ನಿಮ್ಮ ನಂಬರ್ ಬರೆಸಿದರೂ ಅದು ನಿಮ್ಮ ಪರವಾಗಿ ಮಾತಾಡುತ್ತದೆ.

ಕೊನೆಗೆ, ನಿಯತ್ತಿನಿಂದಲೇ ರಸೀದಿ ತಗ್ಗಿಸುವ ದಾರಿ. ಬಂಪರನ್ನು ಕೈಯಿಂದ ದುಡ್ಡು ಕೊಟ್ಟು ಬಣ್ಣ ಹೊಡೆಸಿ, ಶೇ. 50ರ ಮೆಟ್ಟಿಲು ತಲುಪಿ. ಅದು ಎಲ್ಲಕ್ಕಿಂತ ದೊಡ್ಡ ಉಳಿತಾಯ. ಓನ್ ಡ್ಯಾಮೇಜ್ ದರ ಕಂಪನಿಯಿಂದ ಕಂಪನಿಗೆ ಬೇರೆ ಇರುವುದರಿಂದ ನವೀಕರಣಕ್ಕೆ ಮೊದಲು ಮೂರ್ನಾಲ್ಕು ಕಡೆ ವಿಚಾರಿಸಿ. ಹೋಲಿಸುವಾಗ ಐಡಿವಿ, ಅಂದರೆ ಪಾಲಿಸಿಯಲ್ಲಿ ನಮೂದಾದ ಕಾರಿನ ಬೆಲೆ, ಒಂದೇ ಇರಲಿ. ಐಡಿವಿ ತಗ್ಗಿಸಿ ಅಗ್ಗ ಎಂದು ತೋರಿಸುವವರಿದ್ದಾರೆ, ಕಾರು ಕಳುವಾದ ದಿನ ಅಷ್ಟೇ ಸಿಗುತ್ತದೆ. ಜಾಗರೂಕತೆಯಿಂದ ಓಡಿಸುವವರಿಗೆ ಐಚ್ಛಿಕ ಕಡಿತ ಒಳ್ಳೆಯದು. ಹಳೇ ಟ್ಯಾರಿಫ್ (ದರಪಟ್ಟಿ) ಪ್ರಕಾರ ₹2,500 ನಾನೇ ಭರಿಸುತ್ತೇನೆ ಎಂದರೆ ಓನ್ ಡ್ಯಾಮೇಜ್‌ನಲ್ಲಿ ಶೇ. 20, ಗರಿಷ್ಠ ₹750 ಕಡಿಮೆ. ₹5,000 ಎಂದರೆ ಶೇ. 25, ಗರಿಷ್ಠ ₹1,500. ಎಆರ್‌ಎಐ (ವಾಹನಗಳನ್ನು ಪರೀಕ್ಷಿಸುವ ಸಂಸ್ಥೆ) ಒಪ್ಪಿದ ಕಳ್ಳತನ ತಡೆ ಸಾಧನಕ್ಕೆ ಶೇ. 2.5, ಗರಿಷ್ಠ ₹500. ಕಾರು ಬಹುಪಾಲು ಮನೆ ಮುಂದೆಯೇ ನಿಂತಿರುತ್ತದೆ ಎನ್ನುವುದಾದರೆ, ಓಡಿದಷ್ಟಕ್ಕೆ ಪ್ರೀಮಿಯಂ ಕಟ್ಟುವ ಪಾಲಿಸಿಗೆ 2022ರಿಂದ ಅವಕಾಶವಿದೆ, ಕೇಳಿ ನೋಡಿ. ಕೆಎ-17, ಕೆಎ-16 ಗಾಡಿಗಳು ವಿಮಾ ದರದ ಬಿ ವಲಯಕ್ಕೆ ಸೇರುವುದರಿಂದ ಬೆಂಗಳೂರು ನೋಂದಣಿಯ ಎ ವಲಯಕ್ಕಿಂತ ಮೂಲ ದರ ತುಸು ಕಡಿಮೆ. ನಿಮ್ಮ ಪಾಲಿಸಿಯಲ್ಲಿ ವಲಯ ಸರಿಯಾಗಿ ನಮೂದಾಗಿದೆಯೇ ನೋಡಿಕೊಳ್ಳಿ.

ಮುಂದೆ ಈ ಕಾರು ಮಾರಿ ಹೊಸದು ಕೊಳ್ಳುವಾಗ ಕಂಪನಿಯಿಂದ ಎನ್‌ಸಿಬಿ ಪತ್ರ ಕೇಳಿ ಪಡೆಯಿರಿ. ಅದು ಮೂರು ವರ್ಷ ನಡೆಯುತ್ತದೆ, ನಿಮ್ಮ ಶೇ. 50 ಹೊಸ ಕಾರಿಗೂ ಬರುತ್ತದೆ. ಅಲ್ಲಿಯವರೆಗೆ ನವೀಕರಣದ ದಿನ ತಪ್ಪಿಸಬೇಡಿ. ಅವಧಿ ಮುಗಿದು 90 ದಿನ ದಾಟಿದರೆ ಇಷ್ಟು ವರ್ಷ ಕೂಡಿಸಿದ ಎನ್‌ಸಿಬಿ ಪೂರ್ತಿ ಹೋಗುತ್ತದೆ, ಮತ್ತು ಅವಧಿ ಮುಗಿದ ಮರುದಿನದಿಂದಲೇ ನಿಮ್ಮ ಕಾರಿಗೆ ವಿಮೆ ಇರುವುದಿಲ್ಲ.